ಕೂಸಿನ ಸಾವಿನ ಲೆಕ್ಕವನ್ನೂ ಸಭೆಯಲ್ಲಿ ಕೇಳಿ
ಕಲ್ಯಾಣ ಕರ್ನಾಟಕದ ಗ್ರಾಮ ಪಂಚಾಯತಿ ಸದಸ್ಯೆಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಕ್ಕಂದಿರೇ, ತಂಗಿಯರೇ,

ಬೀದರಿನಿಂದ ಬಳ್ಳಾರಿಯವರೆಗಿನ ಏಳು ಜಿಲ್ಲೆಗಳಲ್ಲಿ ಪಂಚಾಯತಿ ಸದಸ್ಯೆಯರಾಗಿ, ಅಧ್ಯಕ್ಷೆಯರಾಗಿ ಕೆಲಸ ಮಾಡಿದ, ಮಾಡುತ್ತಿರುವ, ಮುಂದಿನ ಚುನಾವಣೆಗೆ ನಿಲ್ಲಬೇಕೆಂದಿರುವ ನಿಮ್ಮೆಲ್ಲರಿಗೂ ಸೇರಿಸಿ ಈ ಪತ್ರ ಬರೆಯುತ್ತಿದ್ದೇನೆ.

ಪಂಚಾಯತಿ ಸಭೆಯಲ್ಲಿ ಏನೇನು ಮಾತು ನಡೆಯುತ್ತದೆ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಚರಂಡಿ, ಸಿ.ಸಿ. ರಸ್ತೆ, ಬೀದಿ ದೀಪ, ಕೂಲಿ ಬಾಕಿ, ಮನೆ ಹಂಚಿಕೆ ಪಟ್ಟಿ, ಕರ ವಸೂಲಿ. ಇವೆಲ್ಲ ಬೇಕಾದವೇ. ಆದರೆ ಕಳೆದ ಮೂರು ತಿಂಗಳಲ್ಲಿ ನಮ್ಮ ಊರುಗಳಲ್ಲಿ ಎಷ್ಟು ಕೂಸು ಹುಟ್ಟಿದವು, ಎಷ್ಟು ತೀರಿಕೊಂಡವು, ಯಾಕೆ ತೀರಿಕೊಂಡವು ಎಂಬ ವಿಷಯ ನಿಮ್ಮ ಅಜೆಂಡಾದಲ್ಲಿ ಎಂದಾದರೂ ಬಂದದ್ದುಂಟೇ? ಬಂದಿದ್ದರೆ ನಿಮ್ಮ ಪಂಚಾಯತಿಗೆ ಕೈ ಮುಗಿಯುತ್ತೇನೆ. ಬಂದಿಲ್ಲವೆಂದಾದರೆ, ಬರಲೇಬೇಕು ಎಂದು ಕೇಳಿಕೊಳ್ಳುವುದಕ್ಕಾಗಿಯೇ ಈ ಪತ್ರ.

ಕೂಸು ಸತ್ತಾಗ ಊರಲ್ಲಿ ಎರಡು ಉತ್ತರ ಸಿಗುತ್ತವೆ. ಮನೆಯ ಹಿರಿಯರು ಹಣೆಬರಹ ಅನ್ನುತ್ತಾರೆ. ಆಸ್ಪತ್ರೆಯ ಚೀಟಿ ಕಡಿಮೆ ತೂಕ, ಉಸಿರುಗಟ್ಟುವಿಕೆ, ನಂಜು, ನ್ಯುಮೋನಿಯಾ ಅನ್ನುತ್ತದೆ. ಚೀಟಿಯಲ್ಲಿ ಬರೆದದ್ದು ಸುಳ್ಳಲ್ಲ, ಆದರೆ ಅದು ಕಡೆಯ ಒಂದು ದಿನದ ಕತೆ. ಆ ತಾಯಿಗೆ ಮದುವೆಯಾದಾಗ ಎಷ್ಟು ವಯಸ್ಸು, ಬಸುರಿಯಿದ್ದಾಗ ಏನು ಉಂಡಳು, ಎಷ್ಟನೇ ತಿಂಗಳವರೆಗೆ ಹತ್ತಿ ಬಿಡಿಸಿದಳು, ಕೂಸು ಹಾಲು ಬಿಟ್ಟಾಗ ಆಸ್ಪತ್ರೆಗೆ ಹೋಗೋಣ ಎಂದು ಮೊದಲು ಹೇಳಿದವರು ಯಾರು, ಆ ರಾತ್ರಿ ಆರೋಗ್ಯ ಕೇಂದ್ರದಲ್ಲಿ ನರ್ಸ್ ಇದ್ದಳೇ ಎಂಬ ಹಿಂದಿನ ಕತೆಯನ್ನು ಯಾವ ಚೀಟಿಯೂ ಬರೆಯುವುದಿಲ್ಲ.

ಹಣೆಬರಹವನ್ನೇ ನಂಬುವುದಾದರೆ ಈ ಅಂಕಿಗಳನ್ನು ಏನೆಂದು ಓದಬೇಕು? 1971ರಲ್ಲಿ ಭಾರತದಲ್ಲಿ ಜೀವಂತ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ 129 ಶಿಶುಗಳು ಮೊದಲ ಹುಟ್ಟುಹಬ್ಬ ಕಾಣಲಿಲ್ಲ. 2020ರ ಹೊತ್ತಿಗೆ ಆ ಸಂಖ್ಯೆ 28ಕ್ಕೆ ಇಳಿಯಿತು. ಅದೇ 2020ರಲ್ಲಿ ಕರ್ನಾಟಕದ ಲೆಕ್ಕ 19, ಪಕ್ಕದ ಕೇರಳದ್ದು ಕೇವಲ 6. ಕೇರಳದ ಮಕ್ಕಳ ಹಣೆಬರಹ ಬರೆದ ಬ್ರಹ್ಮನೇ ಬೇರೆಯೇ? ನಮ್ಮ ರಾಜ್ಯದೊಳಗೂ ಇದೇ ಭೇದ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಯಾದಗಿರಿ, ಕಲಬುರಗಿ ಜಿಲ್ಲೆಗಳಲ್ಲಿ ಅಂಥ ಮಕ್ಕಳು ಅರ್ಧಕ್ಕಿಂತ ಹೆಚ್ಚು. ಹೀಗೆ ಕುಗ್ಗಿದ ಮಗುವಿಗೆ ಭೇದಿ ಹತ್ತಿದರೂ ಕೆಮ್ಮು ಹತ್ತಿದರೂ ಜೀವಕ್ಕೆ ಬರುವ ಅಪಾಯ ಹೆಚ್ಚು.

ಬಡತನವೇ ಕಾರಣ ಎಂದು ಹೇಳಿ ಕೈತೊಳೆದುಕೊಳ್ಳುವವರೂ ಇದ್ದಾರೆ. ಬಡತನ ಕಾರಣ ಹೌದು, ಆದರೆ ಅದೊಂದೇ ಅಲ್ಲ. ಜಾನ್ ಕಾಲ್ಡ್‌ವೆಲ್ ಎಂಬ ಆಸ್ಟ್ರೇಲಿಯದ ಜನಸಂಖ್ಯಾ ಶಾಸ್ತ್ರಜ್ಞ 1986ರಲ್ಲಿ ಬಡ ದೇಶಗಳ ಸಾವಿನ ಲೆಕ್ಕವನ್ನು ಆದಾಯದ ಪಕ್ಕದಲ್ಲಿಟ್ಟು ನೋಡಿದ. ಶ್ರೀಲಂಕಾ, ಕೋಸ್ಟರಿಕಾ ಮತ್ತು ನಮ್ಮ ಕೇರಳದಲ್ಲಿ ಆದಾಯ ಕಡಿಮೆಯಿದ್ದರೂ ಮಕ್ಕಳು ಬದುಕುತ್ತಿದ್ದರು. ತೈಲದ ದುಡ್ಡು ಹರಿಯುತ್ತಿದ್ದ ಸೌದಿ ಅರೇಬಿಯಾ, ಒಮಾನ್‌ಗಳಂಥ ದೇಶಗಳಲ್ಲಿ ಆಗ ಆದಾಯಕ್ಕೆ ಹೋಲಿಸಿದರೆ ಮಕ್ಕಳ ಸಾವು ಬಹಳ ಹೆಚ್ಚಿತ್ತು. ಈ ವ್ಯತ್ಯಾಸಕ್ಕೆ ಅವನು ಕಂಡ ಕಾರಣಗಳಲ್ಲಿ ಎರಡನ್ನು ನೀವು ಗಮನಿಸಬೇಕು. ಒಂದು, ಹೆಣ್ಣುಮಕ್ಕಳು ಓದಿದ್ದು ಮತ್ತು ಮನೆಯಲ್ಲಿ ಅವರ ಮಾತು ನಡೆದದ್ದು. ಇನ್ನೊಂದು, ಜನ ಸರ್ಕಾರವನ್ನು ಎದುರು ನಿಂತು ಕೇಳುವಂಥ ರಾಜಕೀಯ. ನನ್ನ ಪತ್ರದ ಸಾರವೂ ಇಷ್ಟೇ: ಮನೆಯಲ್ಲಿ ತಾಯಿಯ ಮಾತು, ಊರಲ್ಲಿ ಜನರ ಮಾತು, ಇವೆರಡಕ್ಕೂ ಬೆಲೆ ಬಂದ ಕಡೆ ಕೂಸುಗಳು ಉಳಿಯುತ್ತವೆ. ನೀವು ತಾಯಂದಿರೂ ಹೌದು, ಜನಪ್ರತಿನಿಧಿಗಳೂ ಹೌದು. ಅದಕ್ಕೇ ಶಾಸಕರಿಗೆ ಬರೆಯುವ ಬದಲು ನಿಮಗೆ ಬರೆಯುತ್ತಿದ್ದೇನೆ.

ಮೊದಲು ಮನೆಯ ಮಾತು. ಇದೇ ಕಾಲ್ಡ್‌ವೆಲ್ 1980ರ ದಶಕದ ಆರಂಭದಲ್ಲಿ ಪಿ.ಎಚ್. ರೆಡ್ಡಿ ಮತ್ತು ಪ್ಯಾಟ್ ಕಾಲ್ಡ್‌ವೆಲ್ ಜೊತೆ ನಮ್ಮ ಕರ್ನಾಟಕದ ಹಳ್ಳಿಗಳಲ್ಲೇ ಕೂತು ಅಧ್ಯಯನ ಮಾಡಿದ. ಅವರು ಕಂಡದ್ದು ಇದು: ಮಗುವಿನ ಮೈ ಬಿಸಿಯಾದದ್ದನ್ನು ಮೊದಲು ತಿಳಿಯುವವಳು ಎಳೆ ಪ್ರಾಯದ ತಾಯಿ. ಆದರೆ ವೈದ್ಯರ ಹತ್ತಿರ ಹೋಗಬೇಕು ಎಂದು ತೀರ್ಮಾನ ಮಾಡುವವರು ಅತ್ತೆ ಅಥವಾ ಗಂಡ. ನಾಲ್ಕಕ್ಷರ ಕಲಿತ ಸೊಸೆ ಬಾಯಿಬಿಟ್ಟು ಹೇಳುತ್ತಾಳೆ, ಹೇಳಿದರೆ ಮನೆಯವರೂ ಕೇಳುತ್ತಾರೆ. ಶಾಲೆ ಅವಳಿಗೆ ವೈದ್ಯಶಾಸ್ತ್ರ ಕಲಿಸಲಿಲ್ಲ, ಹೇಳುವ ಧೈರ್ಯ ಕೊಟ್ಟಿತು. ನಿಮ್ಮ ಊರಿನ ಹುಡುಗಿಯನ್ನು ಏಳನೇ ತರಗತಿಗೆ ಶಾಲೆ ಬಿಡಿಸಿ ಹತ್ತಿ ಹೊಲಕ್ಕೆ ಕಳಿಸಿದಾಗ, ಹತ್ತು ವರ್ಷದ ನಂತರ ಅವಳ ತೊಟ್ಟಿಲಲ್ಲಿ ಮಲಗುವ ಕೂಸಿನ ಪರ ಮಾತಾಡುವ ಧೈರ್ಯವನ್ನೂ ಕಿತ್ತುಕೊಂಡಂತಾಗುತ್ತದೆ.

ಬಾಲ್ಯವಿವಾಹದ ಮಾತೂ ಇದಕ್ಕೇ ಸೇರಿದ್ದು. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 20ರಿಂದ 24 ವರ್ಷದ ಹೆಂಗಸರಲ್ಲಿ ನೂರಕ್ಕೆ 21 ಮಂದಿ 18 ತುಂಬುವ ಮೊದಲೇ ಮದುವೆಯಾದವರು. ತನ್ನ ಮೈಯೇ ಬೆಳೆಯುತ್ತಿರುವ ಹುಡುಗಿಗೆ ಹುಟ್ಟುವ ಕೂಸು ಎರಡೂವರೆ ಕಿಲೋ ತೂಗದಿರುವ ಸಂಭವ ಹೆಚ್ಚು. ಐದು ವರ್ಷದೊಳಗೆ ಸಾಯುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಸಾವು ಹುಟ್ಟಿದ ಮೊದಲ 28 ದಿನಗಳಲ್ಲೇ ಆಗುತ್ತದೆ, ಅದರಲ್ಲೂ ಕಡಿಮೆ ತೂಕದ, ದಿನ ತುಂಬದ ಕೂಸುಗಳದ್ದೇ ದೊಡ್ಡ ಪಾಲು. ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದು ಕರ್ನಾಟಕ ತನ್ನದೇ ತಿದ್ದುಪಡಿ ಕಾನೂನು ಮಾಡಿದೆ. ಆದರೆ ಮದುವೆಯ ಕರೆಯೋಲೆ ನಿಮ್ಮ ಮನೆಗೂ ಬರುತ್ತದೆ. ಹುಡುಗಿಯ ವಯಸ್ಸು ಗೊತ್ತಿದ್ದೂ ಹೋಗಿ ಅಕ್ಷತೆ ಹಾಕಿ ಬಂದರೆ ಆ ಕಾನೂನು ಬೆಂಗಳೂರಿನ ಕಪಾಟಿನಲ್ಲೇ ಉಳಿಯುತ್ತದೆ.

ಇನ್ನು ಬಾಣಂತನ. 2023ರ ಜುಲೈನಲ್ಲಿ ತುಮಕೂರು ತಾಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಸೂತಕದ ಹೆಸರಿನಲ್ಲಿ ಬಾಣಂತಿಯನ್ನೂ ಕೂಸನ್ನೂ ಊರ ಹೊರಗಿನ ಗುಡಿಸಲಿನಲ್ಲಿ ಇಟ್ಟರು. ಮಳೆ, ಚಳಿಯಲ್ಲಿ ಆ ಕೂಸು ತೀರಿಕೊಂಡಿತು. ನಮ್ಮ ಕಡೆ ಗುಡಿಸಲು ಇಲ್ಲದಿರಬಹುದು. ಆದರೆ ಬಾಣಂತಿಗೆ ನೀರು ಕೊಡಬಾರದು, ಕಾಯಿಪಲ್ಲೆ ತಿನ್ನಿಸಬಾರದು, ಮೊದಲ ಹಾಲು ಹಿಂಡಿ ಚೆಲ್ಲಬೇಕು, ಹುಟ್ಟಿದ ಕೂಸಿಗೆ ಕೂಡಲೇ ತಲೆಸ್ನಾನ ಆಗಬೇಕು ಎನ್ನುವ ಮನೆಗಳು ಇನ್ನೂ ಇವೆ. ಇವನ್ನು ಬಿಡಿಸಲು ಪೊಲೀಸರು ಬರಲಾರರು. ಊರಲ್ಲಿ ಮಾತು ನಡೆಯುವ ಹಿರಿಯ ಹೆಣ್ಣುಮಗಳು ಅತ್ತೆಯ ಪಕ್ಕ ಕೂತು ಹೇಳಬೇಕು.

ಕಡಿಮೆ ತೂಕದ ಕೂಸನ್ನು ಉಳಿಸುವ ಒಂದು ಉಪಾಯಕ್ಕೆ ಯಂತ್ರವೂ ಬೇಡ, ದುಡ್ಡೂ ಬೇಡ. ಕೂಸನ್ನು ಬರಿಮೈಯಲ್ಲಿ ತಾಯಿಯ ಎದೆಗೆ ಅಪ್ಪಿಸಿ ಬಟ್ಟೆ ಸುತ್ತಿ ಗಂಟೆಗಟ್ಟಲೆ ಇಟ್ಟುಕೊಳ್ಳುವುದು. ಆಸ್ಪತ್ರೆಯವರು ಕಾಂಗರೂ ಆರೈಕೆ ಅನ್ನುತ್ತಾರೆ. ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹುಟ್ಟಿದ ಕೂಡಲೇ ಇದನ್ನು ಶುರು ಮಾಡಿದರೆ ಅಂಥ ಕೂಸುಗಳ ಸಾವು ಕಾಲು ಭಾಗದಷ್ಟು ತಗ್ಗುತ್ತದೆ. ನಿಮ್ಮದೇ ಕೊಪ್ಪಳ ಜಿಲ್ಲೆಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲೂ ಮನೆಗಳಲ್ಲೂ ಇದನ್ನು ಜಾರಿಗೆ ತಂದು ತೋರಿಸಿದ್ದಾರೆ. ಆದರೆ ಕೂಸನ್ನು ದಿನವಿಡೀ ಎದೆಗಪ್ಪಿಕೊಂಡ ಬಾಣಂತಿಗೆ ನೀರು ತರಲು, ರೊಟ್ಟಿ ಬಡಿಯಲು ಹೇಳಬಾರದಲ್ಲ? ಅಲ್ಲಿಗೆ ಇದು ವೈದ್ಯರ ಕೈ ದಾಟಿ ಮನೆಯವರ ಕೈಗೆ ಬಂತು. ಅಪ್ಪನೂ ಹೀಗೆ ಎದೆಗಪ್ಪಿಕೊಳ್ಳಬಹುದು. ಅದನ್ನು ಊರಲ್ಲಿ ಯಾರಾದರೂ ಗಟ್ಟಿಯಾಗಿ ಹೇಳಬೇಕು.

ಜಾತಿಯ ಮಾತನ್ನೂ ಮುಚ್ಚಿಡುವುದು ಬೇಡ. 2019-21ರ ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಪರಿಶಿಷ್ಟ ಜಾತಿ, ಪಂಗಡಗಳ ಶಿಶುಗಳ ಸಾವು ಸಾವಿರಕ್ಕೆ 40ಕ್ಕೂ ಹೆಚ್ಚು. ಪರಿಶಿಷ್ಟರೂ ಹಿಂದುಳಿದ ವರ್ಗದವರೂ ಅಲ್ಲದ ಮನೆಗಳಲ್ಲಿ ಅದು 28. ಅಂಗನವಾಡಿ ಯಾವ ಓಣಿಯಲ್ಲಿದೆ, ಅಡುಗೆ ಮಾಡುವವಳು ಯಾರು, ಕೇರಿಯ ಮಕ್ಕಳನ್ನು, ತಾಂಡಾದ ಮಕ್ಕಳನ್ನು ಪಂಕ್ತಿಯಲ್ಲಿ ಎಲ್ಲಿ ಕೂರಿಸುತ್ತಾರೆ, ನರ್ಸಮ್ಮ ಯಾವ ಓಣಿಯವರೆಗೆ ಬಂದು ತಿರುಗುತ್ತಾಳೆ ಎಂಬ ಪ್ರಶ್ನೆಗಳ ಉತ್ತರ ಆ ಎರಡು ಅಂಕಿಗಳ ನಡುವಿನ ಅಂತರದಲ್ಲಿದೆ.

ಊಟದ ವಿಷಯದಲ್ಲೂ ರಾಜಕೀಯ ಹೇಗೆ ತಟ್ಟೆಗೆ ಇಳಿಯುತ್ತದೆ ಎಂಬುದನ್ನು ನೀವು ಕಣ್ಣಾರೆ ಕಂಡಿದ್ದೀರಿ. 2021ರ ಡಿಸೆಂಬರ್‌ನಲ್ಲಿ ಈ ಭಾಗದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಗಂಗಾವತಿಯ ಶಾಲಾ ಹುಡುಗಿಯರು ಕ್ಯಾಮೆರಾ ಮುಂದೆ ನಿಂತು ಮೊಟ್ಟೆ ನಮಗೆ ಬೇಕು ಎಂದರು. ಮೊಟ್ಟೆ ಉಳಿಯಿತು, ಮುಂದೆ ಇಡೀ ರಾಜ್ಯಕ್ಕೆ ಹಬ್ಬಿತು. ತಿನ್ನದವರಿಗೆ ಬಾಳೆಹಣ್ಣು, ಚಿಕ್ಕಿ ಸಿಕ್ಕಿತು. ಆ ಹುಡುಗಿಯರು ಇನ್ನು ಕೆಲವು ವರ್ಷದಲ್ಲಿ ತಾಯಂದಿರಾಗುವವರು. ಅವರ ಮೈಯ ರಕ್ತ ಅವರ ಕೂಸಿನ ತೂಕವಾಗುತ್ತದೆ.

ಈಗ ಊರಿನ ಮಾತು. ಕೇರಳದ ಬಗ್ಗೆ ಬರೆದ ಜೋನ್ ಮೆಂಚರ್ ಎಂಬ ಮಾನವಶಾಸ್ತ್ರಜ್ಞೆ 1980ರಲ್ಲಿ ಒಂದು ಸಂಗತಿ ಗುರುತಿಸಿದ್ದರು. ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲವು ದಿನ ಸಿಬ್ಬಂದಿ ಇಲ್ಲದಿದ್ದರೆ ಜನ ಜಿಲ್ಲಾಧಿಕಾರಿ ಕಚೇರಿಗೆ ಮೆರವಣಿಗೆ ಹೋಗುತ್ತಿದ್ದರು, ತಮಗೆ ಬರಬೇಕಾದದ್ದನ್ನು ಹಕ್ಕಿನಿಂದ ಕೇಳುತ್ತಿದ್ದರು. ನಮ್ಮಲ್ಲಿ ವೈದ್ಯರ ಹುದ್ದೆ ವರ್ಷಗಟ್ಟಲೆ ಖಾಲಿ ಇದ್ದರೂ ಜನ ಟಂಟಂ ಹತ್ತಿ ತಾಲೂಕಿನ ಖಾಸಗಿ ದವಾಖಾನೆಗೆ ಹೋಗಿ ಸಾಲ ಮಾಡಿಕೊಂಡು ಬರುತ್ತಾರೆ. ಕೇಳದವರ ಊರಿನ ಆಸ್ಪತ್ರೆಗೆ ಬೀಗವೇ ಗತಿ.

ಕೇಳುವ ಸಂಪ್ರದಾಯ ನಮ್ಮಲ್ಲಿ ಇಲ್ಲವೆಂದಲ್ಲ. ಬೋರ್‌ವೆಲ್ ಹಾಕಿಸಿ ಹಳ್ಳಿಹಳ್ಳಿಗೆ ಕುಡಿಯುವ ನೀರು ಕೊಟ್ಟು ‘ನೀರ್ ಸಾಬ್’ ಎನಿಸಿಕೊಂಡ ಅಬ್ದುಲ್ ನಜೀರ್ ಸಾಬ್ ಅವರು ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಮಂತ್ರಿಯಾಗಿದ್ದಾಗ ತಂದ ಪಂಚಾಯತ್ ವ್ಯವಸ್ಥೆಯಲ್ಲಿ, 1987ರ ಚುನಾವಣೆಗೆ ಹೆಂಗಸರಿಗೆ ನೂರಕ್ಕೆ 25ರಷ್ಟು ಸ್ಥಾನ ಮೀಸಲಿತ್ತು. ದೇಶದ ಸಂವಿಧಾನಕ್ಕೆ 73ನೇ ತಿದ್ದುಪಡಿ ಬರುವುದಕ್ಕೆ ಐದಾರು ವರ್ಷ ಮೊದಲೇ ಕರ್ನಾಟಕ ಅದನ್ನು ಮಾಡಿ ತೋರಿಸಿತ್ತು. ಇಂದು ಅರ್ಧ ಸ್ಥಾನ ನಿಮ್ಮವು. ಹೆಂಗಸರು ಅಧಿಕಾರಕ್ಕೆ ಬಂದರೆ ಏನು ಬದಲಾಗುತ್ತದೆ ಎಂಬುದಕ್ಕೂ ಪುರಾವೆ ಇದೆ. ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಪಂಚಾಯತಿಗಳನ್ನು ಅಭ್ಯಾಸ ಮಾಡಿದ ರಾಘಬೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ, ಅಧ್ಯಕ್ಷೆ ಇದ್ದ ಕಡೆ ಕುಡಿಯುವ ನೀರಿಗೆ ಹೆಚ್ಚು ಖರ್ಚಾಗಿದೆ ಎಂದು 2004ರಲ್ಲಿ ತೋರಿಸಿದರು. ಮಹಿಳೆಯರು ಶಾಸಕಿಯರಾಗಿ ಗೆದ್ದ ಜಿಲ್ಲೆಗಳಲ್ಲಿ ನವಜಾತ ಶಿಶುಗಳ ಸಾವು ಕಡಿಮೆಯಾದದ್ದನ್ನು ಸೋನಿಯಾ ಭಲೋತ್ರಾ ಮತ್ತು ಸಂಗಡಿಗರ ಅಧ್ಯಯನ 2014ರಲ್ಲಿ ಕಂಡಿತು.

ಈ ಭಾಗಕ್ಕೆ ಆದ ಅನ್ಯಾಯವೂ ದಾಖಲೆಯಲ್ಲಿದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 21 ಆಗಿನ ಗುಲ್ಬರ್ಗಾ ವಿಭಾಗದವು. ರಾಯಚೂರಿನ ಮಕ್ಕಳ ಅಪೌಷ್ಟಿಕತೆಯ ಸುದ್ದಿ ಹೈಕೋರ್ಟ್ ಮುಟ್ಟಿದ ಮೇಲೆ 2012ರಲ್ಲಿ ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿ ವರದಿ ಕೊಟ್ಟಿತು. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಅಭಿವೃದ್ಧಿ ಮಂಡಳಿ ಬಂತು, ಅನುದಾನವೂ ಬಂತು. ಆದರೂ 2022ರಲ್ಲಿ ರಾಯಚೂರು ನಗರದಲ್ಲೇ ಕಲುಷಿತ ನಲ್ಲಿ ನೀರು ಕುಡಿದು ಜನ ಸತ್ತರು. ಮೇಲಿಂದ ಬಂದ ದುಡ್ಡು ಕೆಳಗೆ ಕೇಳುವವರಿಲ್ಲದಿದ್ದರೆ ಕಾಂಕ್ರೀಟಾಗುತ್ತದೆ, ಕಮಾನಾಗುತ್ತದೆ, ಶುದ್ಧ ನೀರಾಗುವುದಿಲ್ಲ.

ನಮ್ಮ ಕೈಯಲ್ಲಿ ಏನಿದೆ, ಸಭೆಯಲ್ಲಿ ಮಾತಾಡುವವರು ನಮ್ಮ ಗಂಡಂದಿರು ಎಂದು ನಿಮ್ಮಲ್ಲಿ ಕೆಲವರು ಅನ್ನಬಹುದು. ಸಹಿ ನಿಮ್ಮದು, ಕುರ್ಚಿ ಅವರದು ಎಂಬುದು ಎಷ್ಟೋ ಊರುಗಳಲ್ಲಿ ನಿಜ. ರಸ್ತೆಯ ಬಿಲ್ಲಿನ ವಿಷಯದಲ್ಲಿ ಗಂಡಂದಿರು ಜಗ್ಗಲಾರರು. ಆದರೆ ಬಾಣಂತಿ ಕೂಸಿನ ವಿಷಯದಲ್ಲಿ ನಿನಗೇನು ಗೊತ್ತು ಎಂದು ನಿಮಗೆ ಹೇಳುವ ಧೈರ್ಯ ಯಾವ ಗಂಡಸಿಗೂ ಬರುವುದಿಲ್ಲ. ಸಭೆಯಲ್ಲಿ ದನಿ ಎತ್ತಲು ಇದಕ್ಕಿಂತ ಸುಲಭದ ವಿಷಯ ಇನ್ನೊಂದಿಲ್ಲ.

ಪಂಚಾಯತಿಯಲ್ಲಿ ಎರಡು ಬಣ, ಒಬ್ಬರು ಹೂಂ ಅಂದದ್ದಕ್ಕೆ ಇನ್ನೊಬ್ಬರು ಊಹೂಂ ಅನ್ನುತ್ತಾರೆ ಎಂಬುದು ಇನ್ನೊಂದು ತಕರಾರು. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶದಲ್ಲಿ ಅಂತರ್ಯುದ್ಧ ಉರಿಯುತ್ತಿದ್ದಾಗ, ಯುನಿಸೆಫ್ ಮುಖ್ಯಸ್ಥ ಜೇಮ್ಸ್ ಗ್ರಾಂಟ್ ಅವರ ಒತ್ತಾಯದಿಂದ, ಚರ್ಚಿನ ಮಧ್ಯಸ್ಥಿಕೆಯಲ್ಲಿ 1985ರಲ್ಲಿ ಸೈನ್ಯವೂ ಬಂಡುಕೋರರೂ ಮಕ್ಕಳಿಗೆ ಲಸಿಕೆ ಹಾಕುವ ದಿನಗಳಂದು ಗುಂಡು ಹಾರಿಸುವುದನ್ನು ನಿಲ್ಲಿಸಿದರು. ಬಂದೂಕು ಹಿಡಿದವರು ಮಕ್ಕಳಿಗಾಗಿ ಒಪ್ಪಬಲ್ಲರಾದರೆ ಒಂದೇ ಊರಿನ ಎರಡು ಬಣಗಳು ಒಪ್ಪಲಾರವೇ?

ಹೆಂಗಸರೇ ಮನೆಮನೆಗೆ ಹೋಗಿ ಕಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಬಾಂಗ್ಲಾದೇಶವನ್ನು ನೋಡಿ. 1971ರ ಯುದ್ಧದಲ್ಲಿ ಗಡಿ ದಾಟಿ ಬಂದ ನಿರಾಶ್ರಿತರಿಗೆ ಬನಗಾಂವ್ ಶಿಬಿರದಲ್ಲಿ ಕಾಲರಾ ಹತ್ತಿದಾಗ ಡಾ. ದಿಲೀಪ್ ಮಹಾಲನೋಬಿಸ್ ಉಪ್ಪು, ಗ್ಲೂಕೋಸ್, ಸೋಡಾ ಬೆರೆಸಿದ ನೀರು ಕುಡಿಸಿ ಸಾವಿರಾರು ಜೀವ ಉಳಿಸಿದರು. ಅದೇ ಉಪಾಯ ಹಿಡಿದು 1980ರಿಂದ ಹತ್ತು ವರ್ಷ ಬ್ರ್ಯಾಕ್ ಎಂಬ ಸ್ವಯಂಸೇವಾ ಸಂಸ್ಥೆಯ ಹೆಣ್ಣುಮಕ್ಕಳು ಬಾಂಗ್ಲಾದೇಶದ ಹಳ್ಳಿಗಳಲ್ಲಿ ಮನೆಮನೆಗೆ ನಡೆದು ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರಿನ ಲೆಕ್ಕವನ್ನು ಒಂದು ಕೋಟಿಗೂ ಹೆಚ್ಚು ತಾಯಂದಿರಿಗೆ ಕಲಿಸಿದರು. ತಾಯಂದಿರಿಗೆ ಎಷ್ಟು ನೆನಪುಳಿದಿದೆ ಎಂದು ಪರೀಕ್ಷಿಸಿ ಅದರ ಮೇಲೆ ಕಲಿಸಿದವರಿಗೆ ಸಂಬಳ ಕೊಟ್ಟರು. ಗಂಡಸರು ನಂಬದಿದ್ದ ಕಡೆ ಸಂತೆಗೂ ಮಸೀದಿಗೂ ಹೋಗಿ ಅವರನ್ನು ಒಪ್ಪಿಸಿದರು. 1990ರಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾವಿನಲ್ಲಿ ನಮಗಿಂತ ಕೆಟ್ಟ ಸ್ಥಿತಿಯಲ್ಲಿದ್ದ ಆ ದೇಶ ಈಗ ಹೆಚ್ಚುಕಡಿಮೆ ನಮಗೆ ಸಮವಾಗಿ ನಿಂತಿದೆ.

ಹಾಗಾದರೆ ನೀವು ಮಾಡಬಹುದಾದದ್ದೇನು? ಆರೋಗ್ಯ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಎರಡೂ ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯತಿಗೆ ಸೇರಿದ ವಿಷಯಗಳ ಪಟ್ಟಿಯಲ್ಲಿವೆ. ಆದ್ದರಿಂದ ಇದು ನಮ್ಮ ಕೆಲಸವಲ್ಲ ಎಂದು ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹೇಳಲಾಗದು.

ಸಾಮಾನ್ಯ ಸಭೆಯಲ್ಲಿ ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿ ಕಾರ್ಯಕರ್ತೆಯನ್ನು ಕರೆದು ಹುಟ್ಟು ಎಷ್ಟು, ಶಿಶು ಸಾವು ಎಷ್ಟು ಎಂದು ಓದಿಸಿ. ತಾಯಿಯ ಹೆಸರು ಬೇಡ, ಯಾರನ್ನೂ ಹೀಯಾಳಿಸುವುದು ಬೇಡ. ಪ್ರತಿ ಸಾವಿಗೂ ಮೂರು ಪ್ರಶ್ನೆ ಸಾಕು: ಮನೆಯಲ್ಲಿ ತೀರ್ಮಾನ ತಡವಾಯಿತೇ, ಗಾಡಿ ಸಿಗುವುದು ತಡವಾಯಿತೇ, ಆಸ್ಪತ್ರೆ ತಲುಪಿದ ಮೇಲೆ ಚಿಕಿತ್ಸೆ ತಡವಾಯಿತೇ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಎರಡು ವರ್ಷದ ನಡಾವಳಿ ಒಟ್ಟಿಗೆ ಓದಿದರೆ ಯಾವ ಓಣಿಯಲ್ಲಿ, ಯಾವ ತಿಂಗಳಲ್ಲಿ, ಯಾವ ಕಾರಣಕ್ಕೆ ಎಂಬುದು ತಾನೇ ಎದ್ದು ಕಾಣುತ್ತದೆ.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೋಷಣಾ ಸಮಿತಿ ನಿಮ್ಮ ಊರಲ್ಲೂ ಇದೆ. ಅದಕ್ಕೆ ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿಯ ಅವಕಾಶವಿದೆ. ಆ ಹಣ ಬಂತೇ, ಯಾವುದಕ್ಕೆ ಖರ್ಚಾಯಿತು ಎಂದು ಕೇಳಿ. ತಡರಾತ್ರಿ ಹೆರಿಗೆ ನೋವು ಬಂದ ಬಡ ಹೆಂಗಸಿನ ಗಾಡಿ ಬಾಡಿಗೆಗೆ ಅದನ್ನು ಬಳಸಬಹುದು.

ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಬಂದ ಕೂಸಿನ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಭೇಟಿ ಕೊಡಬೇಕೆಂಬ ನಿಯಮವಿದೆ. ಆ ಭೇಟಿ ತೋಟದ ಮನೆಗೂ ತಾಂಡಾಕ್ಕೂ ತಲುಪುತ್ತಿದೆಯೇ ನೋಡಿ. ಹಾಗೆಯೇ ಅವಳ ಪರ ನಿಲ್ಲಿ. 2025ರ ಜನವರಿ ಚಳಿಯಲ್ಲಿ ಸಾವಿರಾರು ಆಶಾಗಳು ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅಹೋರಾತ್ರಿ ಕೂತಿದ್ದರು. ನಿಮ್ಮ ಕೂಸುಗಳನ್ನು ಕಾಯುವವಳ ಹೊಟ್ಟೆಯ ಪ್ರಶ್ನೆಗೆ ಪಂಚಾಯತಿಯ ಒಂದು ಠರಾವಾದರೂ ಜೊತೆಗಿರಲಿ.

ಗುಳೆ ಹೋಗುವ ಮನೆಗಳ ಪಟ್ಟಿ ಮಾಡಿಸಿ. ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಪುಣೆ, ಮುಂಬಯಿಗೆ ಹೋಗುವ ಸಂಸಾರದ ಜೊತೆ ಬಸುರಿಯೂ ಹೋಗುತ್ತಾಳೆ, ಎದೆಹಾಲಿನ ಕೂಸೂ ಹೋಗುತ್ತದೆ. ಅಲ್ಲಿ ಲಸಿಕೆ ತಪ್ಪುತ್ತದೆ, ಅಂಗನವಾಡಿಯ ಊಟ ತಪ್ಪುತ್ತದೆ. ಹೊರಡುವ ಮೊದಲು ತಾಯಿ ಕಾರ್ಡ್ ಕೈಯಲ್ಲಿದೆಯೇ, ಯಾವ ಲಸಿಕೆ ಬಾಕಿ ಎಂದು ನೋಡಿ ಕಳಿಸುವುದು ಒಂದು ದಿನದ ಕೆಲಸ. ಊರಲ್ಲೇ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ 2023ರಲ್ಲಿ ಸರ್ಕಾರ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿತು. ನಿಮ್ಮ ಪಂಚಾಯತಿಯಲ್ಲಿ ಅದು ಬಾಗಿಲು ತೆರೆದಿದೆಯೇ, ತೆರೆದಿದ್ದರೆ ಅಲ್ಲಿ ಮಕ್ಕಳಿದ್ದಾರೆಯೇ ಎಂದು ಹೋಗಿ ನೋಡಿ.

ಅಂಗನವಾಡಿಯ ತೂಕದ ಯಂತ್ರ ಸರಿ ಇದೆಯೇ, ಬಸುರಿ ಬಾಣಂತಿಯರು ಮಾತೃಪೂರ್ಣ ಯೋಜನೆಯ ಊಟಕ್ಕೆ ಬರುತ್ತಿದ್ದಾರೆಯೇ, ಮೊಟ್ಟೆ ಬರುತ್ತಿದೆಯೇ, ನೀರಿನ ಟಾಕಿ ತೊಳೆದದ್ದು ಯಾವಾಗ ಎಂದು ವಿಚಾರಿಸಿ. ತಾಯಂದಿರು ಊಟಕ್ಕೆ ಬರುತ್ತಿಲ್ಲವಾದರೆ ದೂರವೋ, ಜಾತಿಯೋ, ಅತ್ತೆಯ ಮಾತೋ ಎಂದು ಕಾರಣ ಹುಡುಕಿ. ಮತ್ತೆ, ವೈದ್ಯರ, ನರ್ಸುಗಳ ಖಾಲಿ ಹುದ್ದೆಯ ವಿಷಯದಲ್ಲಿ ಮೌಖಿಕ ಮನವಿ ಸಾಕು ಮಾಡಿ. ಲಿಖಿತ ಠರಾವು ಮಾಡಿ ತಾಲೂಕು ಆರೋಗ್ಯಾಧಿಕಾರಿಗೆ, ಶಾಸಕರಿಗೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಕಳಿಸಿ. ಉತ್ತರ ಬಾರದಿದ್ದರೆ ಅಕ್ಕಪಕ್ಕದ ಪಂಚಾಯತಿಗಳವರೆಲ್ಲ ಸೇರಿ ಹೋಗಿ ಕೇಳಿ.

ಇದರಲ್ಲಿ ಯಾವುದಕ್ಕೂ ಹೊಸ ಕಾನೂನು ಬೇಕಿಲ್ಲ, ಹೆಚ್ಚಿನ ಅನುದಾನವೂ ಬೇಕಿಲ್ಲ. ಮುಂದಿನ ಸಾಮಾನ್ಯ ಸಭೆಯ ನೋಟಿಸು ಕೈಗೆ ಬಂದಾಗ ‘ನಮ್ಮ ಪಂಚಾಯತಿ ವ್ಯಾಪ್ತಿಯ ಜನನ ಮತ್ತು ಶಿಶು ಮರಣಗಳ ಪರಿಶೀಲನೆ’ ಎಂದು ಒಂದು ಸಾಲು ಬರೆದು, ಸಹಿ ಮಾಡಿ, ಪಿಡಿಒ ಕೈಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಸಭೆಯ ದಿನ ಗಂಡನನ್ನು ಮನೆಯಲ್ಲಿ ಬಿಟ್ಟು ನೀವೇ ಹೋಗಿ, ಆ ವಿಷಯ ಚರ್ಚೆಗೆ ಬರುವವರೆಗೆ ಕುರ್ಚಿ ಬಿಟ್ಟು ಏಳಬೇಡಿ.

ಇಂತಿ,
ನಿಮ್ಮ ಹಿತ ಬಯಸುವ ಒಬ್ಬ ಅಕ್ಕ